ಬೇರೆಯಾದದ್ದೇ ಬೇರು

ಕಡಲೂ ಹಾಲಿನ ಹಾಗೆ ಹೆಪ್ಪುಗಟ್ಟುವ ಒಂದು ಸೀಮೆ, ಆ ಸೀಮೆಯ ಅಂಚಿಗೆ ಒಂದು ಊರು. ಹೆಸರು ಕೇಳಬೇಡಿ. ಹೇಳಿದರೆ ಅದು ನಿಮ್ಮೂರಿನ ಹೆಸರಿನಂತೆಯೇ ಕೇಳಿಸಿ ನೀವು ನನ್ನ ಮೇಲೆ ಜಗಳಕ್ಕೆ ಬಂದೀರಿ.

ಊರಿನ ಮುಂದೆ ಮರಳು, ಮರಳಿನ ಮುಂದೆ ಕಡಲು. ಗಾಳಿಗೆ ಅಲ್ಲಿ ಬೇರೆ ಕಸುಬಿರಲಿಲ್ಲ. ಕಡಲ ಕಡೆಯಿಂದ ಹೊರಟು, ದಾರಿಯಲ್ಲಿ ಸಿಕ್ಕ ಮರಳನ್ನೆಲ್ಲ ಹೊತ್ತು, ಊರೊಳಗೆ ಸುರಿದು ಹೋಗುತ್ತಿತ್ತು. ಸುಮ್ಮನೆ ಬಿಟ್ಟರೆ ಮೊದಲು ಹೊಸ್ತಿಲು ಮುಚ್ಚುವುದು, ಆಮೇಲೆ ಕಿಟಕಿ, ಆಮೇಲೆ ಮಾಡು. ಹಾಗೆ ಮುಚ್ಚಿಹೋದ ಹಳೆಯ ಊರೊಂದು ಈಗಿನ ಊರಿನ ಅಡಿಯಲ್ಲೇ ಇದೆಯೆಂದು ಮುದುಕರು ಹೇಳುತ್ತಿದ್ದರು. ಬಾವಿ ತೋಡಿದವರಿಗೆ ನೀರಿನ ಬದಲು ಯಾರದೋ ಮನೆಯ ಮಾಡು ಸಿಕ್ಕಿದ್ದೂ ಉಂಟು.

ಗಾಳಿಯನ್ನು ತಡೆಯುವುದಕ್ಕೆ ಊರಿಗಿದ್ದದ್ದು ಉಪ್ಪುಹುಲ್ಲು ಒಂದೇ. ನೀಲಿಗೂ ಬೂದಿಗೂ ನಡುವಿನ ಬಣ್ಣ, ಬೆರಳು ಕುಯ್ಯುವ ಅಂಚು. ಉಳಿದ ಹುಲ್ಲೆಲ್ಲ ಸಾಯುವ ಉಪ್ಪುನೀರನ್ನು ಅದು ಕುಡಿದು, ಹೆಚ್ಚಾದ ಉಪ್ಪನ್ನು ಎಲೆಯ ಮೇಲೆ ಬೆವರಿನ ಹಾಗೆ ಹೊರಗೆ ಹಾಕುತ್ತಿತ್ತು. ಹಿಮ ಬಿದ್ದಾಗ ಸತ್ತಂತೆ ಮಲಗುವುದು, ಹಿಮ ಕರಗಿದಾಗ ಏನೂ ಆಗಿಲ್ಲವೆಂಬಂತೆ ಏಳುವುದು. ಮರಳು ಹೂತಷ್ಟೂ ತಲೆ ಎತ್ತುವುದು, ಹೂಳುವುದು ನಿಂತರೆ ಸೊರಗುವುದು. ಹಾಗಾಗಿ ಹಿಂದಿನ ಸಾಲು ತನ್ನಷ್ಟಕ್ಕೆ ಸೊರಗುತ್ತಿತ್ತು, ಮುಂದಿನ ಸಾಲನ್ನು ಕಡಲು ತಿನ್ನುತ್ತಿತ್ತು, ಪ್ರತಿ ವರ್ಷವೂ ಕಡಲಂಚಿನ ಹೊರಮರಳಿನಲ್ಲಿ ಹೊಸ ಸಾಲು ನೆಡಲೇಬೇಕಿತ್ತು.

ನೆಡುವುದೆಂದರೆ ಬಿತ್ತುವುದಲ್ಲ. ಉಪ್ಪುಹುಲ್ಲಿಗೆ ತೆನೆ ಬರುತ್ತಿತ್ತು, ಗೋಧಿಯ ತೆನೆಯಂತೆ ಉದ್ದುದ್ದಕ್ಕೆ. ಉಜ್ಜಿದರೆ ಕೈಗೆ ಬರುತ್ತಿದ್ದದ್ದು ಜೊಳ್ಳು. ಆ ಊರಿನಲ್ಲಿ ಸುಳ್ಳಿಗೂ ಜೊಳ್ಳೆಂದೇ ಹೆಸರು. ಹುಲ್ಲು ಹೆಚ್ಚಬೇಕಾದರೆ ದಾರಿ ಒಂದೇ: ಹಿಮ ಬೀಳುವುದಕ್ಕೆ ಮುಂಚೆ, ಹುಲ್ಲು ತೂಕಡಿಸುವ ಕಾಲದಲ್ಲಿ, ತುಂಬಿದ ಬುಡವನ್ನು ಅಗೆದು ತೆಗೆದು, ಕತ್ತಿಯಿಂದ ಸೀಳಿ, ಒಂದೊಂದು ಕವಲಿನ ತೆಂಡೆ ತೆಂಡೆಯಾಗಿ ಬೇರೆ ಮಾಡಿ, ಒಂದೊಂದನ್ನೂ ಮೊಣಕೈಯಾಳಕ್ಕೆ ಹೂತು ಹಿಮ್ಮಡಿಯಿಂದ ತುಳಿಯಬೇಕು. ಸೀಳದೆ ಇಡೀ ಬುಡ ನೆಟ್ಟರೆ ಕೊಳೆತು ಹೋಗುತ್ತಿತ್ತು. ಸೀಳಿದ ತೆಂಡೆ ಚಳಿಗಾಲವೆಲ್ಲ ನರಳಿ ಕೊನೆಗೆ ಬೇರು ಬಿಡುತ್ತಿತ್ತು. ಅದಕ್ಕೇ ಆ ಊರಿನ ಮಕ್ಕಳು ಅಮ್ಮ ಅಪ್ಪ ಅಂದ ಮೇಲೆ ಕಲಿಯುವ ಮೊದಲ ಮಾತು, 'ಬೇರೆಯಾದದ್ದೇ ಬೇರು.'

ಇಷ್ಟಕ್ಕೇ ನಿಂತಿದ್ದರೆ ಇದು ಕಥೆಯಾಗುತ್ತಿರಲಿಲ್ಲ, ಬೇಸಾಯವಾಗುತ್ತಿತ್ತು. ಆದರೆ ಊರಿಗೊಂದು ಕಟ್ಟಳೆಯಿತ್ತು: ಹುಲ್ಲಿಗೆ ಹೇಗೋ ಮನೆಗೂ ಹಾಗೇ. ಹುಲ್ಲನ್ನು ಸೀಳಿ ನಾವು ಬದುಕುತ್ತೇವೆ, ನಾವು ಮಾತ್ರ ಇಡಿಯಾಗಿ ಉಳಿಯುವುದು ನ್ಯಾಯವೇ ಎಂದು ಯಾವ ಕಾಲದಲ್ಲೋ ಯಾವನೋ ಕೇಳಿದನಂತೆ. ಕೇಳಿದವನಿಗೆ ಮಕ್ಕಳಿರಲಿಲ್ಲವೆಂದು ಕಾಣುತ್ತದೆ. ಅಂದಿನಿಂದ ಬುಡ ಸೀಳುವ ದಿನ ಒಂದು ಮನೆಯನ್ನೂ ಸೀಳತೊಡಗಿದರು. ಸರದಿ ಬಾಗಿಲಿಂದ ಬಾಗಿಲಿಗೆ ನಡೆಯುತ್ತಿತ್ತು. ಸರದಿಯ ಮನೆಯ ಬೆಳೆದ ಮಗುವಿನ ಬಟ್ಟೆಗೆ ತಾಯಿಯ ಸೆರಗನ್ನು ಗಂಟು ಹಾಕುವುದು; ಹುಲ್ಲು ಸೀಳಿದ ಕತ್ತಿಯಿಂದಲೇ ಸೆರಗನ್ನು ಕೊಯ್ಯುವುದು; ಊರೆಲ್ಲ ಒಂದೇ ದನಿಯಲ್ಲಿ 'ಬೇರೆಯಾದದ್ದೇ ಬೇರು' ಎನ್ನುವುದು. ಆಮೇಲೆ ಆ ಮಗು ತೆಂಡೆಗಳ ಹೊರೆ ಹೊತ್ತು ಹೊರಮರಳಿಗೆ ಹೋಗಿ, ಅಲ್ಲಿಯ ಗುಡಿಸಲುಗಳಲ್ಲಿ ಹೊಸ ಸಾಲನ್ನು ಕಾಯುತ್ತ ಇದ್ದುಬಿಡಬೇಕು. ಮರಳಿಗೆ ಹೋದವರು ಮರಳಿ ಬರುವಂತಿಲ್ಲ. ಊರವರು ಅವರನ್ನು ಹೆಸರು ಹಿಡಿದು ಕರೆಯುವಂತಿಲ್ಲ. ಅವರಿಗೆಲ್ಲ ಸೇರಿ ಒಂದೇ ಹೆಸರು, ಬೇರೆಯವರು. ಅಲೆ ದೊಡ್ಡದಾಗಿ ಎದ್ದ ವರ್ಷ ಆ ಬೇರೆಯವರಲ್ಲಿ ಒಬ್ಬಿಬ್ಬರು ಕಡಿಮೆಯಾಗುತ್ತಿದ್ದರು. ಊರು ದಿಬ್ಬದ ಮೇಲೆ ನಿಂತು ನೋಡಿ, ಸಾಲು ಉಳಿದಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದು ಊಟ ಮಾಡುತ್ತಿತ್ತು.

ಕತ್ತಿ ಹಿಡಿಯುವವಳು ಊರಿಗೆ ಒಬ್ಬಳೇ. ಅವಳನ್ನು ಸೀಳುವಾಕೆ ಎನ್ನುತ್ತಿದ್ದರು.

ಅವಳ ಕೈ ಒಳ್ಳೆಯ ಕೈ. ಬುಡವನ್ನು ಎತ್ತಿ ಒಮ್ಮೆ ಅಲುಗಿಸಿದರೆ ಅದು ಎಲ್ಲಿ ಬಿಟ್ಟುಕೊಡುತ್ತದೆಂದು ಅವಳಿಗೆ ತಿಳಿಯುತ್ತಿತ್ತು. ಅವಳು ಸೀಳಿದ ತೆಂಡೆ ಸತ್ತದ್ದು ಕಡಿಮೆ. ಸೆರಗು ಕೊಯ್ಯುವಾಗಲೂ ಹಾಗೇ, ಒಂದೇ ಎಳೆತ. ತಾಯಂದಿರ ಮುಖ ನೋಡುತ್ತಿರಲಿಲ್ಲ. ಕತ್ತಿ ನನ್ನದು, ಕಟ್ಟಳೆ ಊರಿನದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ತನ್ನ ಬೀದಿಗೆ ಸರದಿ ಬರುವವರೆಗೆ ಅವಳು ಚೆನ್ನಾಗಿಯೇ ನಿದ್ದೆ ಮಾಡಿದಳು.

ಅವಳಿಗಿದ್ದದ್ದು ಒಬ್ಬಳೇ ಮಗಳು. ಗಂಡ ಎಂದೋ ಕಡಲಿಗೆ ಹೋದವನು ದೋಣಿಯನ್ನೂ ಹಿಂದಕ್ಕೆ ಕಳಿಸಿರಲಿಲ್ಲ. ಮಗಳು ಬಾಯಾಳಿ. ಹುಲ್ಲಿನ ಅಂಚು ತಾಗಿ ಬೆರಳು ಕುಯ್ದರೆ, "ನೋಡವ್ವ, ಅತ್ತೆ ಚಿವುಟಿದಳು," ಎಂದು ನಗುತ್ತ ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಮದುವೆಯಿಲ್ಲದ ಹೊರಮರಳಿಗೆ ಹೋಗುವವಳಿಗೆ ಹುಲ್ಲಾದರೂ ಅತ್ತೆಯಾಗಿರಲಿ ಎಂದು ತಾನೇ ಚಾಷ್ಟಿ ಮಾಡುವಳು. ಆ ಮಾತಿಗೆ ತಾಯಿಗೆ ನಗು ಬರುತ್ತಿರಲಿಲ್ಲ. ಈ ವರ್ಷ ಪಕ್ಕದ ಮನೆಯ ಸರದಿ, ಬರುವ ವರ್ಷ ತನ್ನ ಬಾಗಿಲು. ಮಗಳು ಹೋಗಬಾರದು. ಸೀಳುವಾಕೆಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅದೊಂದೇ, ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಊರಿನಲ್ಲಿ ಅವಳೊಬ್ಬಳಿಗೆ ಮಾತ್ರ ಮುಖವಿರಲಿಲ್ಲ.

ಆ ವಸಂತದಲ್ಲಿ ಹಿತ್ತಲಿನ ಹಿಮ ಕರಗಿದಾಗ ಅವಳೊಂದು ಸಂಗತಿ ಕಂಡಳು. ಮಾಡಿನಿಂದ ಜಾರಿ ಬಿದ್ದ ಹಿಮ ಚಳಿಗಾಲವೆಲ್ಲ ಒಂದೇ ಕಡೆ ಗುಡ್ಡೆಯಾಗಿ ಕುಳಿತಿತ್ತು. ಅದರ ಅಡಿಯಲ್ಲಿ, ಹಾಸಿಗೆಗೆ ತುಂಬಿ ಉಳಿದ ತೆನೆಯ ಹೊಟ್ಟನ್ನು ಎಸೆದಿದ್ದ ಜಾಗದಲ್ಲಿ, ದಾರದಷ್ಟು ತೆಳ್ಳಗೆ ಹಸಿರು ಎದ್ದಿತ್ತು. ಯಾವುದೋ ಕಳೆಯೆಂದು ಕಿತ್ತಳು. ಎಲೆಯ ಬಣ್ಣ ನೀಲಿಗೂ ಬೂದಿಗೂ ನಡುವಿನದು. ಬೇರಿನ ಕೊನೆಯಲ್ಲಿ ಕಾಳಿನ ಸಿಪ್ಪೆ ಅಂಟಿಕೊಂಡಿತ್ತು.

ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತಳು. ಯಾರೂ ಸೀಳದ ಹುಲ್ಲು. ಯಾವುದರಿಂದಲೂ ಬೇರೆಯಾಗದೆ ಬೇರು ಬಿಟ್ಟ ಹುಲ್ಲು. ಸೀಳದೆ ಹುಲ್ಲು ಬೆಳೆಯುವುದಾದರೆ, ಹುಲ್ಲಿಗೆ ಹೇಗೋ ಮನೆಗೂ ಹಾಗೇ ಆಗುವುದಾದರೆ, ಇನ್ನು ಮನೆಯನ್ನೇಕೆ ಸೀಳಬೇಕು? ಈ ಲೆಕ್ಕ ಅವಳಿಗೆ ಎಷ್ಟು ನೇರವಾಗಿ ಕಂಡಿತೆಂದರೆ, ಅದು ಬೇರೆ ಕಡೆಗೂ ತಿರುಗಬಹುದೆಂದು ಹೊಳೆಯಲೇ ಇಲ್ಲ. ಅದು ಅವಳ ತಪ್ಪು. ಆ ಊರಿನಲ್ಲಿ ಹುಟ್ಟಿ ಬೆಳೆದವಳು ಮಾತ್ರ ಮಾಡಬಹುದಾದ ತಪ್ಪು.

ಒಂದು ಎಳೆ ಹಸಿರು ಹಿಡಿದು ಊರಿನ ಮುಂದೆ ನಿಂತರೆ ಯಾರೂ ನಂಬರು ಎಂದು ಬಾಯಿ ಮುಚ್ಚಿಕೊಂಡಳು. ಬೇಸಿಗೆಯ ಕೊನೆಗೆ ತೆನೆ ಬಲಿತಾಗ ಮಡಿಲು ತುಂಬ ಕೊಯ್ದು ತಂದಳು. ಉಪ್ಪುನೀರಿಗೆ ಸುರಿದರೆ ಜೊಳ್ಳೆಲ್ಲ ಮೇಲೆ ತೇಲಿ, ಅಲ್ಲೊಂದು ಇಲ್ಲೊಂದು ಗಟ್ಟಿಕಾಳು ಮಾತ್ರ ತಳಕ್ಕಿಳಿಯಿತು. ಹಾಗೆ ಇಳಿದವನ್ನು ಕೂಡಿಸಿಟ್ಟಳು.

ಅಷ್ಟರಲ್ಲಿ ಸೀಳುವ ದಿನ ಬಂತು. ಪಕ್ಕದ ಮನೆಯವಳು ಮಗನ ಅಂಗಿಗೆ ಸೆರಗು ಗಂಟು ಹಾಕಿಸಿಕೊಂಡು ನಿಂತಳು. ಸೀಳುವಾಕೆಯ ಕೈ ಆ ದಿನ ಮೊದಲ ಸಲ ತಡವರಿಸಿತು. ಹೇಳಿಬಿಡಲೇ ಎಂದುಕೊಂಡಳು. ಹೇಳಿ, ಬೀಜ ಹುಟ್ಟದೆ ಹೋದರೆ? ತನ್ನ ಮಗಳಿಗೆ ಇರುವ ದಾರಿಯೂ ಮುಚ್ಚೀತು. ಅವಳು ಸೆರಗು ಕೊಯ್ದಳು. ಹುಡುಗ ಹೊರೆ ಹೊತ್ತು ದಿಬ್ಬ ಇಳಿದು ಹೋದ. ಅವನ ತಾಯಿ ತುಂಡು ಸೆರಗನ್ನು ಹಿಡಿದುಕೊಂಡೇ ಮನೆಗೆ ಬಂದು ಬಾಗಿಲು ಹಾಕಿಕೊಂಡಳು.

ಹಿಮ ಬಿದ್ದಿತು. ಸೀಳುವಾಕೆ ಹಿತ್ತಲಿನಲ್ಲಿ ಹೊಂಡ ತೋಡಿ, ಒದ್ದೆ ಮರಳು ಹಾಸಿ, ಗಟ್ಟಿಕಾಳುಗಳನ್ನು ಚೆಲ್ಲಿ, ಮೇಲೆ ಮರಳು ಮುಚ್ಚಿ, ಅದರ ಮೇಲೆ ಮಂಜುಗಡ್ಡೆಯ ಚಪ್ಪಡಿ ಎಳೆದಳು. ಒಂದಿಷ್ಟು ಕಾಳನ್ನು ಒಲೆಯ ಪಕ್ಕ ಮಡಕೆಯಲ್ಲಿ ಬೆಚ್ಚಗೂ ಇಟ್ಟಳು. ಚಳಿಗಾಲ ಸರಿಯಿತು. ಒಲೆಯ ಪಕ್ಕದ್ದು ಬೂಸಲು ಹಿಡಿಯಿತು. ಹೊಂಡದ್ದು ಹುಟ್ಟಿತು. ಮುಷ್ಟಿ ಕಾಳು ಹಾಕಿದ ಕಡೆ ಒಂದೋ ಎರಡೋ, ಆದರೂ ಹುಟ್ಟಿತು. ಅವಳು ಹೊಂಡದ ಅಂಚಿಗೆ ಮೊಣಕಾಲೂರಿ, ಆ ಎಳೆ ಹುಲ್ಲಿಗೆ ಮುಖ ತಾಗಿಸಿ ಅತ್ತಳು. ಸಂತೋಷಕ್ಕೆ ಅತ್ತದ್ದು ಅದೇ ಕೊನೆ.

ಮಗಳಿಗೆ, "ನೀನು ಎಲ್ಲಿಗೂ ಹೋಗಲ್ಲ ಕಣೆ," ಎಂದಷ್ಟೇ ಹೇಳಿ ಊರನ್ನು ಕರೆದಳು.

ಊರು ಬಂತು. ಮುಂದೆ ಕಟ್ಟಳೆಯ ಅಜ್ಜ, ಊರಿನ ಕಟ್ಟಳೆಯನ್ನೆಲ್ಲ ಬಾಯಲ್ಲಿಟ್ಟುಕೊಂಡವನು. ಕೆಟ್ಟವನೇನಲ್ಲ. ಹರೆಯದಲ್ಲಿ ಒಡಹುಟ್ಟಿದ ತಂಗಿಯನ್ನು ಹೊರಮರಳಿಗೆ ಕಳಿಸಿ, ಮುಪ್ಪಿನಲ್ಲಿ ಮೊಮ್ಮಕ್ಕಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಿದ್ದ. ಅವನ ಹಿಂದೆ ಮಕ್ಕಳನ್ನು ಕೊಟ್ಟ ತಾಯಂದಿರು. ತುಂಡು ಸೆರಗಿನವರೆಂದು ದೂರದಿಂದಲೇ ಗುರುತು ಸಿಗುತ್ತಿತ್ತು. ಉಳಿದವರು ಕಂಕುಳಲ್ಲಿ ಮಕ್ಕಳನ್ನಿಟ್ಟುಕೊಂಡು ಬೇಲಿಯ ಗುಂಟ ನಿಂತರು.

ಸೀಳುವಾಕೆ ಒಂದು ಸಸಿ ಕಿತ್ತು ಬೇರಿನ ಸಿಪ್ಪೆ ತೋರಿಸಿದಳು. ಊರಿನವರು ಕೈಯಿಂದ ಕೈಗೆ ದಾಟಿಸಿ ನೋಡಿದರು. ಅವಳು ಕಾದಿದ್ದದ್ದು ಒಂದು ಉಸಿರಿಗೆ, ಊರೆಲ್ಲ ಒಟ್ಟಿಗೆ ಬಿಡುವ ಒಂದು ನೆಮ್ಮದಿಯ ಉಸಿರಿಗೆ. ಬಂದದ್ದು ಪಕ್ಕದ ಮನೆಯವಳ ಮಾತು.

"ಹೋದ ವರ್ಷ ನನ್ನ ಮಗನ ಗಂಟು ಕೊಯ್ಯುವಾಗ ನಿನಗಿದು ಗೊತ್ತಿತ್ತಾ?"

"ಗೊತ್ತಿರಲಿಲ್ಲ ಅಕ್ಕ. ಅನುಮಾನ ಇತ್ತು."

"ಅನುಮಾನ ಇತ್ತು," ಎಂದಳು ಆಕೆ.

ಆಮೇಲೆ ಎಲ್ಲರಿಗಿಂತ ಮೊದಲು ಕೊಟ್ಟ ಮುದುಕಿ, ತುಂಡು ಸೆರಗು ಕೂಡ ಸವೆದು ನೂಲಾಗಿದ್ದವಳು, ಕೋಲೂರಿಕೊಂಡು ಮುಂದೆ ಬಂದಳು. ಹಾಗಾದರೆ ನಾವು ಕೊಟ್ಟಿದ್ದು ಏತಕ್ಕೆ ಎಂದು ಕೇಳಿದಳು. ಬಯ್ಗುಳವಲ್ಲ, ನಿಜವಾಗಿ ಕೇಳಿದಳು. ಹುಲ್ಲು ಕೇಳದೆಯೇ ಕೊಟ್ಟೆವೋ? ಸುಮ್ಮನೆ ಕೊಟ್ಟೆವೋ? ಕೊಟ್ಟ ತಾಯಂದಿರೆಲ್ಲ ಸೀಳುವಾಕೆಯ ಮುಖವನ್ನೇ ನೋಡಿದರು. ಅಷ್ಟು ವರ್ಷ ಅವರ ಮುಖ ನೋಡದೆ ತಪ್ಪಿಸಿಕೊಂಡವಳಿಗೆ ಆ ದಿನ ಎಲ್ಲ ಮುಖವನ್ನೂ ಒಟ್ಟಿಗೆ ನೋಡಬೇಕಾಯಿತು.

ಉತ್ತರ ಕೊಟ್ಟವನು ಅಜ್ಜ. ಸುಮ್ಮನೆ ಹೋದದ್ದು ಯಾವುದೂ ಇಲ್ಲ ತಾಯಂದಿರಾ ಎಂದು ಶುರು ಮಾಡಿದ. ಸೀಳು ಎಂದು ಹುಲ್ಲು ಹೇಳುತ್ತಿದ್ದ ಕಾಲಕ್ಕೆ ನಾವು ಸೀಳಿದೆವು. ಈಗ ಹುಲ್ಲು ಬೇರೆ ಮಾತು ಹೇಳುತ್ತಿದೆ. ಕಟ್ಟಳೆ ಎಲ್ಲಿ ಸುಳ್ಳಾಯಿತು? ಹುಲ್ಲಿಗೆ ಹೇಗೋ ಮನೆಗೂ ಹಾಗೇ. ಮುದುಕಿಯ ಮುಖದ ನೆರಿಗೆ ಸಡಿಲವಾದದ್ದು ಕಂಡಿತು. ಅಜ್ಜ ಸೀಳುವಾಕೆಯ ಕಡೆ ತಿರುಗಿ ಬಹಳ ಮೆತ್ತಗೆ ಕೇಳಿದ.

"ಹೇಗೆ ಮಾಡಿದೆ ಮಗಳೇ, ಒಂದೊಂದಾಗಿ ಹೇಳು."

ಅವಳು ಹೇಳಿದಳು. ಒಂದನ್ನೂ ಬಿಡದೆ ಹೇಳಿದಳು. ಮಾಡಿದವಳ ಹೆಮ್ಮೆ ಬೇರೆ ಸೇರಿತ್ತು. ಉಪ್ಪುನೀರಿಗೆ ಹಾಕಿ ಜೊಳ್ಳು ತೆಗೆದದ್ದು. ಹೊಂಡದಲ್ಲಿ ಮಲಗಿಸಿ ಮರಳು ಮುಚ್ಚಿದ್ದು. ಮೇಲೆ ಮಂಜುಗಡ್ಡೆ ಎಳೆದದ್ದು. ಚಳಿಗಾಲವೆಲ್ಲ ತೆಗೆಯದೆ ಬಿಟ್ಟದ್ದು. ಬೆಚ್ಚಗಿಟ್ಟದ್ದು ಹುಟ್ಟಲಿಲ್ಲ ಎನ್ನುವುದನ್ನೂ ಸೇರಿಸಿದಳು, ಕೇಳದಿದ್ದರೂ. ಹೇಳುತ್ತ ಹೇಳುತ್ತ, ಬೇಲಿಯ ಗುಂಟ ನಿಂತಿದ್ದ ಹೆಂಗಸರು ಮಕ್ಕಳನ್ನು ಬಿಗಿಯಾಗಿ ಹಿಡಿದುಕೊಳ್ಳುವುದನ್ನು ಕಂಡಳು. ಊರಿಗೆಲ್ಲ ಅರ್ಥವಾದ ಮೇಲೆ ಕೊನೆಯಲ್ಲಿ ಅವಳಿಗೆ ಅರ್ಥವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಜ್ಜನಿಗೂ ಮೊಮ್ಮಕ್ಕಳಿದ್ದರು, ಆದರೆ ಅವನು ಕಟ್ಟಳೆಯ ಅಜ್ಜ. ಈ ಬಾರಿ ಗಂಟಿಲ್ಲ, ಕತ್ತಿಯಿಲ್ಲ ಎಂದ. ಹಿಮ ಬಿದ್ದಾಗ ಹೊಂಡ. ಹಿಮ ಕರಗುವವರೆಗೆ ಮಂಜುಗಡ್ಡೆ. ಸ್ವಲ್ಪ ತಡೆದು ಮತ್ತೂ ಒಂದು ಮಾತು ಸೇರಿಸಿದ.

"ಮುಷ್ಟಿಗೆ ಒಂದೋ ಎರಡೋ ಹುಟ್ಟಿತು ಅಂದೆ ನೀನು. ಹಾಗಾದರೆ ಒಂದು ಮನೆಯ ಮಗು ಸಾಲುವುದಿಲ್ಲ."

ಕೊಟ್ಟ ತಾಯಂದಿರು ತಲೆದೂಗಿದರು. ಅವರನ್ನು ರಾಕ್ಷಸಿಯರೆನ್ನಬೇಡಿ. ತಾವು ಕೊಟ್ಟದ್ದು ಸುಮ್ಮನೆ ಎಂದು ಒಪ್ಪುವುದಕ್ಕಿಂತ, ಇನ್ನೊಬ್ಬರು ಅದಕ್ಕಿಂತ ಹೆಚ್ಚು ಕೊಡಲಿ ಎನ್ನುವುದು ಅವರಿಗೆ ಹಗುರವಾಗಿತ್ತು. ನೀವಾಗಿದ್ದರೂ, ನಾನಾಗಿದ್ದರೂ, ಹಾಗೆಯೇ ತಲೆದೂಗುತ್ತಿದ್ದೆವು.

ಮರುದಿನವೇ ಸೀಳುವಾಕೆಯ ಬೀದಿಯ ಆಚೆ ಮಕ್ಕಳ ಹೊಂಡಕ್ಕೆ ಜಾಗ ಗುರುತಿಸಿ ಗೂಟ ಹೊಡೆದರು. ಒಂದು ಮುಷ್ಟಿ ಮನೆಗಳನ್ನು ಆರಿಸಿದರು. ಅಜ್ಜನ ಮನೆಯೂ ಅದರಲ್ಲಿ ಬಂತು. ಅವಳು ಅಜ್ಜನ ಬಾಗಿಲಿಗೆ ಹೋಗಿ, ಬೀಜಕ್ಕೆ ಜೀವ ಹಿಮದಲ್ಲಿ ಉಳಿಯುತ್ತದೆ, ಮಗುವಿಗೆ ಉಳಿಯುವುದಿಲ್ಲ ಎಂದು ಗೋಗರೆದಳು. ಸೀಳಿದರೆ ಹುಲ್ಲಿಗೆ ನೋವಿಲ್ಲ, ಮನೆಗೆ ನೋವಿದೆ, ಅದನ್ನು ಯಾರಾದರೂ ಕೇಳಿದೆವೇ ಎಂದು ಅಜ್ಜ ಮರುಪ್ರಶ್ನೆ ಹಾಕಿದ. ಅಷ್ಟು ವರ್ಷ ಕತ್ತಿ ಹಿಡಿದವಳು ತನ್ನ ಕೈ ನೋಡಿಕೊಂಡಳು. ಅಜ್ಜನ ಮೊಮ್ಮಗಳು ಅವನ ಬೆನ್ನ ಮೇಲೆ ನಿದ್ದೆ ಹೋಗಿದ್ದಳು.

ಬರುವಾಗ ದಾರಿಯಲ್ಲಿ ಮಕ್ಕಳು ಆಡುತ್ತಿದ್ದರು. ಒಬ್ಬನನ್ನು ಮರಳಿನಲ್ಲಿ ಮಲಗಿಸಿ ಉಳಿದವರು ಮರಳು ಮುಚ್ಚುತ್ತಿದ್ದರು. ಕುತ್ತಿಗೆಯವರೆಗೆ ಬಂದಾಗ ಅವನು ಉಸಿರು ಹಿಡಿದು ಕಣ್ಣು ಮುಚ್ಚಿದ. ಪಕ್ಕದಲ್ಲಿ ಮಲಗಿದ್ದ ಪುಟ್ಟದೊಂದು ತಡೆಯಲಾರದೆ ಎದ್ದುಬಿಟ್ಟಿತು. ಆಗ ಎಲ್ಲರೂ ಚಪ್ಪಾಳೆ ತಟ್ಟಿ, ನೀನು ಜೊಳ್ಳು, ಅವನು ಗಟ್ಟಿಕಾಳು ಎಂದು ಕುಣಿದರು.

ಸೀಳುವಾಕೆ ಮನೆಗೆ ಹೋಗಲಿಲ್ಲ. ಹಾಗೆಯೇ ತಿರುಗಿ ಊರನ್ನು ಮತ್ತೊಮ್ಮೆ ಕರೆದಳು.

ಈ ಸಲ ಅವಳು ಹಿತ್ತಲಿನ ಹೊಂಡದೊಳಗೇ ಇಳಿದು ನಿಂತಳು. ನಾನು ಹೇಳಿದ್ದೆಲ್ಲ ಸುಳ್ಳು ಎಂದಳು. ಬೀಜ ಹುಟ್ಟಲಿಲ್ಲ, ಸೀಳುವ ದಿನ ತೆಂಡೆಯ ಚೂರು ಕದ್ದಿಟ್ಟುಕೊಂಡು ಇಲ್ಲಿ ಹೂತಿದ್ದೆ, ಮಗಳನ್ನು ಉಳಿಸಿಕೊಳ್ಳಲು ಊರಿನ ಕಣ್ಣಿಗೆ ಮರಳು ಎರಚಿದೆ. ಮೊದಲು ತೋರಿಸಿದ ಸಸಿಗೆ ಸಿಪ್ಪೆಯನ್ನು ಅಂಟು ಹಾಕಿ ನಾನೇ ಅಂಟಿಸಿದ್ದೆ. ಬೇಕಾದರೆ ನೋಡಿ ಎಂದು ಬಗ್ಗಿ ಹಸಿರನ್ನೆಲ್ಲ ಕೀಳತೊಡಗಿದಳು.

ಒಂದೊಂದು ಬೇರಿನ ತುದಿಗೂ ಸಿಪ್ಪೆಯಿತ್ತು. ಕೀಳುವಾಗಲೇ, ಮುಷ್ಟಿಯ ಮರೆಯಲ್ಲಿ, ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಅದನ್ನು ಉದುರಿಸಿದಳು. ಒಂದು ಚಳಿಗಾಲವೆಲ್ಲ ಯಾವುದಕ್ಕಾಗಿ ಉಸಿರು ಹಿಡಿದು ಕಾದಿದ್ದಳೋ ಅದನ್ನು ಕೈಯಾರೆ ಕಿತ್ತು, ಕೈಯಾರೆ ಸುಳ್ಳು ಮಾಡಿದಳು. ಕೊನೆಯ ಸಸಿಯ ಸಿಪ್ಪೆ ಬೇರಿಗೆ ಬಿಗಿದುಕೊಂಡಿತ್ತು, ಬಿಡಲಿಲ್ಲ. ಅದನ್ನೇ ಅಜ್ಜ ಕೈ ನೀಡಿ ಕೇಳಿದ. ಕೊಟ್ಟಳು.

ಅಜ್ಜ ಸಸಿಯನ್ನು ಕಣ್ಣಿನ ಹತ್ತಿರ ತಂದ. ಎಲೆ ನೋಡಿದ, ಎಲೆಯ ಅಂಚು ಸವರಿದ, ಬೇರಿನ ಕಡೆಗೆ ಮಾತ್ರ ಕಣ್ಣು ಇಳಿಸಲಿಲ್ಲ. ನೋಡಬೇಕಾದವನು ನೋಡದೆ ಅದನ್ನು 'ಜೊಳ್ಳು' ಎಂದು ನೆಲಕ್ಕೆ ಹಾಕಿ ಮೆಟ್ಟಿದ. ಆಗ ಬಂತು ಅವಳು ಮೊದಲ ದಿನ ಕಾದಿದ್ದ ಆ ಉಸಿರು. ಊರೆಲ್ಲ ಒಟ್ಟಿಗೆ ಬಿಟ್ಟ ನೆಮ್ಮದಿಯ ಉಸಿರು. ಅದಾದ ಮೇಲೆ ಬಯ್ಗುಳ ಬಂತು, ಮರಳು ತೂರಿಬಂತು, ಯಾರೋ ಉಗುಳಿದರು. ಆರಿಸಿದ ಮನೆಗಳ ತಾಯಂದಿರೇ ಎಲ್ಲರಿಗಿಂತ ಜೋರಾಗಿ ಬಯ್ದರು, ಅವರಿಗೆ ಅಷ್ಟು ಭಯವಾಗಿತ್ತು. ಪಕ್ಕದ ಮನೆಯವಳು ಮಾತ್ರ ಬಯ್ಯಲಿಲ್ಲ. ತನ್ನ ಮಗ ಸುಮ್ಮನೆ ಹೋಗಲಿಲ್ಲವೆಂದು ತಿಳಿದು ಅವಳು ಬಹಳ ದಿನಗಳ ಮೇಲೆ ಬಾಗಿಲು ತೆರೆದಿಟ್ಟುಕೊಂಡು ಅಡಿಗೆ ಮಾಡಿದಳು.

ಅಂದಿನಿಂದ ಮಗಳು ತಾಯಿಯೊಂದಿಗೆ ಚಾಷ್ಟಿ ಮಾಡುವುದನ್ನು ಬಿಟ್ಟಳು. ಊರಿನ ಮುಂದೆ ಸುಳ್ಳಿಯಾದವಳ ಮಗಳೆನ್ನಿಸಿಕೊಂಡು ಬೇಸಿಗೆ ಕಳೆದಳು. ಬುಡಗಳು ತುಂಬಿದವು, ಹುಲ್ಲು ತೂಕಡಿಸಿತು, ಸೀಳುವ ದಿನ ಬಂತು. ಸುಳ್ಳಿಯ ಕೈಗೆ ಕತ್ತಿ ಕೊಡಬಾರದೆಂದು ಕೆಲವರು ಅಂದರು, ಆದರೆ ಆ ಕೆಲಸ ಬಲ್ಲವರು ಇನ್ನೊಬ್ಬರಿರಲಿಲ್ಲ. ಹೀಗೆ ಅವಳೇ ತನ್ನ ಸೆರಗನ್ನು ಮಗಳ ಲಂಗದ ಅಂಚಿಗೆ ಗಂಟು ಹಾಕಿದಳು.

ಗಂಟು ಬಿಗಿಯುವಾಗ ಇಬ್ಬರ ತಲೆಯೂ ಹತ್ತಿರ ಬಂದಿತ್ತು. ಮಗಳು ಬೇರೆ ಯಾರಿಗೂ ಕೇಳಿಸದಂತೆ ಕೇಳಿದಳು.

"ನಿಜ ಹೇಳವ್ವ. ಹುಟ್ಟಿತ್ತು ಅಲ್ವಾ?"

ಇಬ್ಬರ ಬಾಯಿಗೆ ಬಿದ್ದ ಗುಟ್ಟು ಗುಟ್ಟಲ್ಲ. ಹೊರಮರಳಿನಲ್ಲಿ ಒಂದು ದಿನ ಸಿಟ್ಟಿಗೋ ಸಂಕಟಕ್ಕೋ ಈ ಹುಡುಗಿ ಬಾಯಿಬಿಟ್ಟರೆ, ಗಾಳಿ ಮರಳಿನ ಜೊತೆಗೆ ಅದನ್ನೂ ಊರಿಗೆ ಹೊತ್ತು ತರುತ್ತದೆ. ಗೂಟಗಳನ್ನು ಇನ್ನೂ ಕಿತ್ತಿರಲಿಲ್ಲ.

"ಇಲ್ಲ ಕಣೆ. ಎಲ್ಲಾ ಜೊಳ್ಳು."

"ಹಾಗಾದ್ರೆ ಯಾಕೆ ನನಗೆ ಆಸೆ ತೋರಿಸ್ದೆ?"

ಸೀಳುವಾಕೆ ಗಂಟು ಬಿಗಿದು ಕತ್ತಿ ಎತ್ತಿಕೊಂಡಳು. ಊರು 'ಬೇರೆಯಾದದ್ದೇ ಬೇರು' ಅಂದಿತು. ಅವಳು ಒಂದೇ ಎಳೆತಕ್ಕೆ ಸೆರಗು ಕೊಯ್ದಳು. ಮಗಳು ಹೊರೆ ಎತ್ತಿ ತಲೆಯ ಮೇಲಿಟ್ಟುಕೊಂಡು, ಹಿಂದಕ್ಕೆ ತಿರುಗದೆ ದಿಬ್ಬ ಇಳಿದಳು. ದ್ವೇಷಿಸಿಕೊಂಡೇ ಹೋಗಲಿ, ದ್ವೇಷ ಇದ್ದರೆ ಚಳಿಗೆ ಮೈ ಗಟ್ಟಿಯಾಗಿರುತ್ತದೆ ಎಂದು ತಾಯಿ ಬೇಡಿಕೊಂಡಳು.

ಚಳಿಗಾಲ ಬಂದು ಹೋಯಿತು. ಹಿಮ ಕರಗಿದ ಮೇಲೆ ಅಜ್ಜ ಊರನ್ನು ಕರೆದುಕೊಂಡು ದಿಬ್ಬಕ್ಕೆ ಹೋಗಿ ಹೊಸ ಸಾಲು ಬೇರು ಬಿಟ್ಟಿತೇ ಎಂದು ನೋಡುವ ವಾಡಿಕೆ. ಸೀಳುವಾಕೆಯೂ ಹೋಗಬೇಕಿತ್ತು, ಸೀಳಿದವಳು ಅವಳಲ್ಲವೇ. ಜನ ಇನ್ನೂ ದಿಬ್ಬ ಹತ್ತುತ್ತಿದ್ದಾಗ ಅವಳೂ ಅಜ್ಜನೂ ಮೊದಲು ಮೇಲೆ ತಲುಪಿದರು.

ಹೊಸ ಸಾಲು ನೆಟ್ಟಗೆ ನಿಂತಿತ್ತು. ಎಲ್ಲ ತೆಂಡೆಯೂ ಬದುಕಿತ್ತು. ಸಾಲಿನಿಂದ ಅಷ್ಟು ದೂರಕ್ಕೆ, ಕೊನೆಯ ಗುಡಿಸಲಿನ ಹಿಂದೆ, ಗಾಳಿಯ ಮರೆಯಲ್ಲಿ, ಇನ್ನೊಂದು ಹಸಿರಿತ್ತು. ಅದಕ್ಕೆ ಸಾಲಿರಲಿಲ್ಲ. ಯಾರೋ ಮುಷ್ಟಿಯಲ್ಲಿ ಚೆಲ್ಲಿದಂತೆ ಅಲ್ಲೊಂದು ಇಲ್ಲೊಂದು ಎದ್ದಿತ್ತು. ಅದರ ನಡುವೆ ಒಬ್ಬ ಹುಡುಗಿ ಕುಳಿತಿದ್ದಳು.

ಕುಳಿತ ಭಂಗಿಯಲ್ಲೇ ಸೀಳುವಾಕೆಗೆ ಮಗಳ ಗುರುತು ಸಿಕ್ಕಿತು. ತಾಯಿ ಹೇಳಿದ್ದು ನಿಜವೋ ಸುಳ್ಳೋ ಎಂದು ಮಗಳು ತಾನೇ ಬಿತ್ತಿ ನೋಡಿದ್ದಾಳೆ. ಚಳಿಗಾಲವೆಲ್ಲ ಮಂಜುಗಡ್ಡೆಯನ್ನು ಕಾದಿದ್ದಾಳೆ. ಈಗ ಗೊತ್ತಾಗಿದೆ. ಇನ್ನು ಎದ್ದು ನಿಂತು ಕೂಗುತ್ತಾಳೆ, ನನ್ನವ್ವ ಸುಳ್ಳಿ, ಹುಟ್ಟಿದೆ ನೋಡಿ ಎಂದು. ಹಿಂದೆ ಊರಿನವರ ಮಾತು ಹತ್ತಿರವಾಗುತ್ತಿತ್ತು. ಯಾರದೋ ಮಗು ನಗುತ್ತಿತ್ತು.

ಹುಡುಗಿ ತಲೆ ಎತ್ತಿ ದಿಬ್ಬದ ಕಡೆ ನೋಡಿದಳು. ಅಷ್ಟು ದೂರಕ್ಕೆ ಮುಖ ಕಾಣುವುದಿಲ್ಲ, ಆದರೂ ಇಬ್ಬರೂ ನೋಡಿದರು. ಆಮೇಲೆ ಅವಳು ಬಗ್ಗಿ ಆ ಹಸಿರನ್ನು ಕೀಳತೊಡಗಿದಳು. ಅವಸರವಿಲ್ಲ. ಒಂದನ್ನು ಕೀಳುವುದು, ಮುಷ್ಟಿಯಲ್ಲಿ ಉಜ್ಜುವುದು, ಕಡಲಿಗೆ ಎಸೆಯುವುದು. ಮತ್ತೊಂದನ್ನು ಕೀಳುವುದು.

ಮಗಳು ತನ್ನನ್ನು ದ್ವೇಷಿಸಲಿ ಎಂದು ಸೀಳುವಾಕೆ ಬೇಡಿದ್ದಳು. ದ್ವೇಷಿಸುವ ಸುಖವೂ ಈಗ ಆ ಹುಡುಗಿಗೆ ಉಳಿಯಲಿಲ್ಲ. ತಾಯಿಯ ಬೆನ್ನಿಗಿದ್ದ ಸುಳ್ಳನ್ನು ಅರ್ಧ ಇಳಿಸಿ ಅವಳೂ ಹೊತ್ತುಕೊಂಡಳು.

ಅಜ್ಜ ಹಣೆಗೆ ಕೈ ಅಡ್ಡ ಹಿಡಿದು, ಅಲ್ಲಿ ಬಗ್ಗಿ ಬಗ್ಗಿ ಏನು ಮಾಡುತ್ತಿದ್ದಾರೆಂದು ಕೇಳಿದ.

"ಕಳೆ ಕೀಳ್ತಿದಾರೆ ಅಜ್ಜ."

ಅಜ್ಜ ಇನ್ನಷ್ಟು ಹೊತ್ತು ನೋಡಿದ. ಕೊನೆಯ ಹಸಿರೂ ಕಡಲಿಗೆ ಹೋಗುವವರೆಗೆ ನೋಡಿದ. ಊರಿನವರು ಮೇಲೆ ಬಂದು ಸುತ್ತ ನಿಂತರು.

"ಚೊಕ್ಕ ಕೆಲಸ," ಎಂದ ಅಜ್ಜ. "ಯಾರೋ ಚೆನ್ನಾಗಿ ಕಲಿಸಿದಾರೆ."

ಹೌದು ಎಂದಳು ಸೀಳುವಾಕೆ.